ಕೆಂಪು ದೀಪಕ್ಕೆ ಕರಿ ಟೇಪು

"ನಾಯಿ ಕೊರಳಿಗೆ ಕ್ಯಾಮೆರಾ ಕಟ್ಟಿ ಬೀದಿಗೆ ಬಿಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ತೆಗೀತಿತ್ತಲ್ಲಪ್ಪಾ," ಎಂದರು ಮೇಷ್ಟ್ರು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗೋಡೆಗೆ ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಒಂದು ಮೊಣಕಾಲು ಬಂತು, ಹೋಯಿತು, ಮತ್ತೆ ಬಂತು. ಆಮೇಲೆ ಫುಟ್‌ಪಾತಿನ ಕಲ್ಲು. ಆಮೇಲೆ ಬ್ಯಾಗಿನ ಒಳಗಿನ ಕತ್ತಲೆ. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮುಂದಿನ ಸಾಲಿನಲ್ಲಿದ್ದ ವಕೀಲ ತೊಡೆ ತಟ್ಟಿಕೊಂಡು, "ಬಿಡಿ ಮೇಷ್ಟ್ರೇ, ಪಾಪ, ನಾಯಿಗ್ಯಾಕೆ ಅವಮಾನ ಮಾಡ್ತೀರಾ," ಎಂದ. ಮತ್ತೆ ನಗು.

ಮೇಷ್ಟ್ರು ಲ್ಯಾಪ್‌ಟಾಪಿನ ಗುಂಡಿ ಒತ್ತಿ ಕತ್ತಲೆಯನ್ನು ಅಲ್ಲೇ ನಿಲ್ಲಿಸಿದರು. ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ. ನಗು ಎಲ್ಲಿ ಇಳಿಯುತ್ತದೆ, ಎಲ್ಲಿ ಇನ್ನೊಂದು ತುತ್ತು ಹಾಕಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

"ಏನಾಗಿದೆ ಗೊತ್ತಾ? ಎಲ್ಲಾ ಉಲ್ಟಾ ಆಗಿದೆ. ಆನ್ ಮಾಡ್ಬೇಕಾದಾಗ ಆಫ್ ಮಾಡಿದಾನೆ, ಆಫ್ ಮಾಡ್ಬೇಕಾದಾಗ ಆನ್. ಒಂಬತ್ತನೇ ಕ್ಲಾಸಾದ್ರೂ ಪಾಸಾಗಿದ್ರೆ ಆನ್ ಯಾವುದು ಆಫ್ ಯಾವುದು ಗೊತ್ತಾಗಿರೋದು."

ಈ ಸಲ ನಗು ಸ್ವಲ್ಪ ತಡವಾಗಿ ಬಂತು. ಆದರೆ ಬಂತು.

ಹಿಂದಿನ ಸಾಲಿನಲ್ಲಿ, ಕ್ಯಾಮೆರಾ ಬಳಗದ ಟ್ರೈಪಾಡಿನ ಉದ್ದ ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ, ಅದನ್ನು ತೆಗೆದ ಹುಡುಗನಿಗೆ ಕಿವಿಯಿಂದ ಹೊಗೆ ಬರುವುದೊಂದೇ ಬಾಕಿ. ಅವನನ್ನು ಪಟಾಕಿ ಎಂದು ಮೊದಲು ಕರೆದದ್ದು ಅವನ ಸೋದರಮಾವ. ಆಮೇಲೆ ಬೀದಿಗೆ ಬೀದಿಯೇ ಹಾಗೆ ಕರೆಯಿತು. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರೊಬ್ಬರು ಅವನನ್ನು ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿ, ಅವನ ಅಪ್ಪನನ್ನೂ ಸೇರಿಸಿ ಏನೋ ಅಂದಿದ್ದರು. ಇವನು ಬೆಂಚಿನ ಮೇಲಿನಿಂದಲೇ ತಿರುಗಿ ಅಂದಿದ್ದ. ಕ್ಷಮೆ ಕೇಳು, ಇಲ್ಲವೇ ಹೊರಗೆ ನಡಿ ಎಂದಾಗ ಬ್ಯಾಗು ಹೆಗಲಿಗೇರಿಸಿಕೊಂಡು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಇಂದಿನವರೆಗೂ ಯಾರ ಮಾತನ್ನೂ ಅವನು ಉತ್ತರ ಕೊಡದೆ ಬಿಟ್ಟದ್ದಿಲ್ಲ.

ಇಂದೂ ಬಿಡಲಿಲ್ಲ. "ನೋಡದೆ ತೆಗೀಬೇಕು ಅಂತ ರೂಲ್ಸ್ ಮಾಡಿದ್ದು ನೀವೇ ಅಲ್ವಾ ಮೇಷ್ಟ್ರೇ?" ಎಂದ ಎದ್ದು ನಿಂತು.

"ನೋಡದೆ ಅಂದೆ ಕಣಪ್ಪಾ. ತಲೆ ಇಲ್ದೆ ಅಂತ ಅನ್ಲಿಲ್ಲ."

ವಕೀಲನಿಗೆ ಕೆಮ್ಮು ಬರುವಷ್ಟು ನಗು. ಪಟಾಕಿ ಟ್ರೈಪಾಡನ್ನು ಧಡಾರನೆ ನೆಲಕ್ಕೆ ಬಿಟ್ಟ. "ಇದನ್ನೂ ಯಾವುದಾದ್ರೂ ನಾಯಿ ಕೊರಳಿಗೇ ಕಟ್ಕೊಳ್ಳಿ!" ಎಂದು ಕೂಗಿ, ಸಾಲು ಕುರ್ಚಿಗಳ ನಡುವೆ ನುಗ್ಗಿ, ಲ್ಯಾಪ್‌ಟಾಪಿನಿಂದ ತನ್ನ ಕಾರ್ಡು ಕಿತ್ತುಕೊಂಡು ಮೆಟ್ಟಿಲಿಳಿದ.

"ನೋಡಿದ್ರಾ, ಹೊಡೀತು ಪಟಾಕಿ," ಎಂದ ಮೇಷ್ಟ್ರ ದನಿ ಮೆಟ್ಟಿಲ ತನಕ ಅಟ್ಟಿಸಿಕೊಂಡು ಬಂತು. ಅದರ ಹಿಂದೆಯೇ ಚಪ್ಪಾಳೆ. ಬೀದಿಗೆ ಬಂದ ಮೇಲೆ ಅವನಿಗೆ ಹೊಳೆಯಿತು, ತಾನು ಕೂಗಿದ್ದೂ ಅವರ ಪಾಲಿಗೆ ಮನರಂಜನೆಯೇ. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಇನ್ನೊಬ್ಬರ ಚಿತ್ರದ ಬೆಳಕು ಬೀಳತೊಡಗಿತ್ತು.

ಆ ಬಳಗದ ಪದ್ಧತಿ ಹೀಗಿತ್ತು. ರಜೆಯ ದಿನ ಬೆಳಿಗ್ಗೆ ಎಲ್ಲರೂ ಒಂದು ಕಡೆ ಸೇರಿ ಊರು ಸುತ್ತಬೇಕು. ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದಿರಬೇಕು, ಅದರ ಪರದೆಯನ್ನು ನೋಡಕೂಡದು. ಮನಸ್ಸಿಗೆ ಬಂದಾಗ ಗುಂಡಿ ಒತ್ತಬೇಕು, ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಮತ್ತೆ ಒತ್ತಿ ನಿಲ್ಲಿಸಬೇಕು. ತೆಗೆದದ್ದನ್ನು ಎಲ್ಲರೂ ಸೇರಿದಾಗಲೇ ನೋಡಬೇಕು, ಅದಕ್ಕೂ ಮೊದಲು ಯಾರೂ ನೋಡಕೂಡದು, ತೆಗೆದವನು ಕೂಡ. ಅದೂ ಸದ್ದಿಲ್ಲದೆ. ಕಣ್ಣಿಗೆ ಮೊದಲ ಮರ್ಯಾದೆ ಅನ್ನುವುದು ಮೇಷ್ಟ್ರ ಮಾತು. ವರ್ಷದ ಕೊನೆಗೆ ಲೈಬ್ರರಿಯ ದೊಡ್ಡ ಹಾಲ್‌ನಲ್ಲಿ, ಊರವರ ಮುಂದೆ, ನಡೆದವರೆಲ್ಲ ತಮ್ಮತಮ್ಮ ತುಣುಕುಗಳನ್ನು ಕತ್ತರಿಸಿ ಜೋಡಿಸಿದ ಪುಟ್ಟ ಚಿತ್ರ ತೋರಿಸಬಹುದು.

ಆ ಹಾಲ್‌ನ ಪರದೆಯ ಮೇಲೆ ತನ್ನದೊಂದು ಚಿತ್ರ ಬರಬೇಕು ಅನ್ನುವುದಷ್ಟೇ ಪಟಾಕಿಯ ಆಸೆ. ಮಾವನ ಸ್ಟುಡಿಯೋದಲ್ಲಿ ಅವನು ಕತ್ತರಿಸಿ ಜೋಡಿಸುತ್ತಿದ್ದದ್ದು ಬೇರೆಯವರ ಮದುವೆಗಳನ್ನು. ಅಪ್ಪುಗೆ, ಹೂವು, ಊಟದ ಸಾಲು, ಕಣ್ಣೀರು, ಮತ್ತೆ ಊಟದ ಸಾಲು. ಇದೊಂದು ಮಾತ್ರ ತನ್ನದು. ಅದಕ್ಕೇ ರಜೆಯ ದಿನ ಅಲಾರಂ ಇಲ್ಲದೆ ಏಳುತ್ತಿದ್ದ. ಟ್ರೈಪಾಡು ಹೊರುವವರಾರು ಎಂದಾಗ ಯಾರೂ ಕೇಳುವ ಮೊದಲೇ ಹೆಗಲು ಕೊಡುತ್ತಿದ್ದ.

ಮರುದಿನ ಮಾವನ ಮುಂದೆ ಕ್ಯಾಮೆರಾ ಇಟ್ಟು, "ಇದಕ್ಕೇನು ಬಂತು ರೋಗ?" ಎಂದ.

ಮಾವ ಕಣ್ಣಿನ ಹತ್ತಿರ ತಂದು ನೋಡಿದರು. ಹಳೆಯ ಕ್ಯಾಮೆರಾ, ಅವರು ಎಷ್ಟೋ ಮದುವೆಗಳಿಗೆ ಹೊತ್ತು ತಿರುಗಿದ್ದು. "ರೋಗ ಏನಿಲ್ಲ ಅಳಿಯಾ, ಗುಂಡಿ ಸವೆದಿದೆ. ಮೆತ್ತಗೆ ಒತ್ತಿದ್ರೆ ತಗೊಳಲ್ಲ. ನೀನು ಮೊದಲ ಸಲ ಮೆತ್ತಗೆ ಒತ್ತಿದೀಯ, ಅದು ಶುರುವಾಗಿಲ್ಲ. ನಿಲ್ಸೋಣ ಅಂತ ಒತ್ತಿದಾಗ ಶುರುವಾಗಿದೆ. ಅಲ್ಲಿಂದಾಚೆಗೆ ಎಲ್ಲಾ ತಿರುಗುಮುರುಗು."

"ಕೆಂಪು ದೀಪ ಹತ್ತಿದ್ರೆ ಗೊತ್ತಾಗ್ತಿತ್ತು."

"ಅದಕ್ಕೆ ಟೇಪ್ ಅಂಟಿಸಿದೀನಲ್ಲೋ!" ಮಾವ ಹೆಮ್ಮೆಯಿಂದಲೇ ತೋರಿಸಿದರು. ದೀಪದ ಮೇಲೆ ಕರಿ ಟೇಪಿನ ಚೂರು, ಬೆರಳಿನ ಜಿಡ್ಡಿಗೆ ಹೊಳೆಯುತ್ತಿತ್ತು. "ಕೆಂಪು ದೀಪ ಕಂಡ್ರೆ ಜನ ಕಂಬ ನುಂಗಿದೋರ ಥರಾ ಆಗ್ತಾರೆ. ಹಲ್ಲು ಕಿರಿದು ನಿಂತ್ಬಿಡ್ತಾರೆ. ಟೇಪ್ ಹಾಕಿದ್ರೆ ಅವರ ಪಾಡಿಗೆ ಅವರು. ಕುಯ್ ಅನ್ನೋ ಸದ್ದೂ ತೆಗೆಸಿದೀನಿ. ಇಪ್ಪತ್ತು ವರ್ಷದ ಬುದ್ಧಿ ಇದು."

"ನಿನ್ನ ಬುದ್ಧಿಗೆ ಬೆಂಕಿ ಹಾಕ. ಊರ ಮುಂದೆ ನಾಯಿ ಮಾಡಿದ್ರು ನನ್ನ."

"ಯಾರೋ ನಾಲ್ಕು ಮಾತಂದ್ರೆ ನನ್ ಮೇಲ್ಯಾಕೋ ಹಾರ್ತೀಯ?" ಎಂದು ಮಾವ ಟೀ ಹೀರಿದರು.

ಆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಪಟಾಕಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದು ಅದನ್ನು ಅಳಿಸಿ ಹಾಕುವುದಕ್ಕೆ. ಅಳಿಸುವ ಮೊದಲು ಒಂದನ್ನು ತೆರೆದ. ಈ ಸಲ ಸದ್ದಿತ್ತು.

ಕೈ ಕೆಳಗೆ ಬಿಟ್ಟು ನಡೆದಾಗ ಕ್ಯಾಮೆರಾ ತೂಗಿತ್ತು. ಊರು ಉಯ್ಯಾಲೆಯಲ್ಲಿ ಕೂತಂತೆ ಹೋಗಿ ಬರುತ್ತಿತ್ತು. ಚರಂಡಿಯ ಕಬ್ಬಿಣದ ಜಾಲರಿ. ಯಾರದೋ ಸೀರೆಯ ಅಂಚು, ಯಾರದೋ ಬೂಟು. ತಲೆಕೆಳಗಾದ ಬಸ್ಸು, ಅದರ ಚಕ್ರದ ಕೆಳಗೆ ಆಕಾಶ. ಎಲ್ಲಕ್ಕೂ ಒಂದೇ ತಾಳ: ಅವನ ಎಡಗಾಲ ಚಪ್ಪಲಿ ಅಟ್ಟೆ ಬಿಟ್ಟಿತ್ತು, ಹೆಜ್ಜೆ ಇಟ್ಟಾಗ ಚಟ್, ಎತ್ತಿದಾಗ ಪಟ್. ತಾನು ಗುಂಡಿ ಒತ್ತಿ ಹಿಡಿದೆನೆಂದುಕೊಂಡಿದ್ದ ಗೋಪುರ, ಪಾರಿವಾಳ, ಮುದುಕಿಯ ಮುಖ ಒಂದೂ ಇರಲಿಲ್ಲ. ಅವುಗಳ ನಡುವಿನ ನಡಿಗೆ ಪೂರ್ತಿ ಇತ್ತು.

ಅಳಿಸುವ ಗುಂಡಿಯ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಆಮೇಲೆ ಕತ್ತಲೆ ಬಂತು. ಬಸ್ಸಿನ ನಿಲ್ದಾಣದ ಬೆಂಚಿನ ಮೇಲೆ ಕ್ಯಾಮೆರಾ ಇದ್ದ ಬ್ಯಾಗು ಬಿಟ್ಟು, ಎದುರಿನ ಕಟ್ಟಡದ ತಾರಸಿಗೆ ಹೋಗಲು ಕಾವಲುಗಾರನನ್ನು ಒಪ್ಪಿಸಿ ಬಾ ಎಂದು ಮೇಷ್ಟ್ರು ಅವನನ್ನು ಕಳಿಸಿದ ಹೊತ್ತು ಅದು. ಕತ್ತಲೆಯೊಳಗಿಂದ ವಕೀಲ ಮಾತಾಡಿದ.

"ಈ ಹುಡುಗನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ ಮೇಷ್ಟ್ರೇ?"

"ಯಾವುದೋ ಮದುವೆ ವಿಡಿಯೋ ಅಂಗಡಿಯಿಂದ. ಟ್ರೈಪಾಡ್ ಹೊರೋಕೆ ಒಬ್ಬ ಬೇಕಿತ್ತಲ್ಲ."

"ಕ್ಯಾಮೆರಾ ಬೇರೆ ನೇತಾಕ್ಕೊಂಡು ಓಡಾಡ್ತಾನೆ."

"ಓಡಾಡ್ಲಿ ಬಿಡ್ರೀ. ಬೀದಿಯಿಂದ ಬಂದ ಹುಡುಗ ಅಂತ ಒಬ್ಬ ಇದ್ರೆ ಬಳಗಕ್ಕೂ ಕಳೆ. ಅವನು ತೆಗೆದದ್ದನ್ನ ಯಾರು ನೋಡ್ಬೇಕು? ಆಗಾಗ ಒಂದು ಭೇಷ್ ಅಂದ್ರೆ ಸಾಕು, ಬಾಲ ಅಲ್ಲಾಡಿಸ್ಕೊಂಡಿರ್ತಾನೆ."

ಇಬ್ಬರೂ ನಕ್ಕರು. ಆಮೇಲೆ ದೂರದಿಂದ ಚಟ್ ಪಟ್ ಚಟ್ ಪಟ್ ಎಂದು ಓಡಿ ಬರುವ ಸದ್ದು. ಏದುಸಿರಿನ ನಡುವೆ ಒಂದು ದನಿ: "ಮೇಷ್ಟ್ರೇ! ಒಪ್ಕೊಂಡ್ರು! ಮೇಲೆ ಹೋಗ್ಬಹುದಂತೆ! ಬನ್ನಿ ಬನ್ನಿ, ನಾನ್ ತರ್ತೀನಿ ಟ್ರೈಪಾಡು, ನೀವ್ ನಡೀರಿ!"

"ಭೇಷ್ ಕಣಪ್ಪಾ, ಭೇಷ್."

ಆ ಓಡಿ ಬಂದವನು ನಕ್ಕ. ಪಟಾಕಿ ಆ ನಗುವನ್ನು ಕೇಳಿ ಕೀಬೋರ್ಡನ್ನು ಎತ್ತಿ ಮೇಜಿಗೆ ಕುಕ್ಕಿದ. ಅದರ ಒಂದು ಅಕ್ಷರ ಹಾರಿ ಮಾವನ ಟೀ ಲೋಟದ ಪಕ್ಕ ಬಿತ್ತು.

ಮಾವನೂ ಕೇಳಿಸಿಕೊಂಡಿದ್ದರು. ಬಿದ್ದ ಅಕ್ಷರವನ್ನು ಹೆಕ್ಕಿ ಜಾಗದಲ್ಲಿ ಕೂರಿಸುತ್ತ, "ಕತ್ತರಿಸಿ ಎಸಿ," ಎಂದರು. "ಕ್ಯಾಮೆರಾ ಓಡ್ತಿರೋದು ಗೊತ್ತಿಲ್ದೆ ಜನ ಆಡಿದ ಮಾತನ್ನ ಹೊರಗೆ ಬಿಡಬಾರ್ದು. ನಮ್ಮ ಕಸುಬಿನ ನೇಮ ಇದು. ನಾನ್ ಕೇಳಿದ್ದನ್ನೆಲ್ಲ ಬಿಟ್ಟಿದ್ರೆ ಈ ಊರಲ್ಲಿ ಒಬ್ಬ ಬೀಗರು ಇನ್ನೊಬ್ಬ ಬೀಗರ ಮುಖ ನೋಡ್ತಿರ್ಲಿಲ್ಲ."

"ಅವರು ಎಲ್ಲರ ಮುಂದೆ ಅಂದ್ರು ಮಾವ. ನಾನೂ ಎಲ್ಲರ ಮುಂದೆ ತೋರಿಸ್ತೀನಿ."

"ಆಮೇಲೆ?"

"ಆಮೇಲೆ ಏನು?"

"ಆಮೇಲೆ ಯಾವ ಬೀದೀಲಿ ಯಾರ ಜೊತೆ ನಡೀತೀಯ ಅಂತ ಕೇಳ್ದೆ."

ಅವನು ಇನ್ನೂ ಜೋರಾಗಿ ಕೂಗಾಡಿದ.

ಆದರೆ ಮರುದಿನದಿಂದ ಕೂತ. ಗಿರಾಕಿಯ ಮದುವೆ ಮುಗಿಸಿ ತನ್ನ ನಡಿಗೆಗೆ ಕೈ ಹಾಕುವನು. ಮದುವೆಯ ಚಿತ್ರವನ್ನು ಬ್ಯಾಂಡಿನ ತಾಳಕ್ಕೆ ಕತ್ತರಿಸುವುದು ಮಾವ ಕಲಿಸಿದ ವಿದ್ಯೆ. ಇದಕ್ಕೆ ಬ್ಯಾಂಡೆಲ್ಲಿ? ಚಪ್ಪಲಿಯ ಚಟ್‌ಗೆ ಕತ್ತರಿ ಹಾಕಿದ. ಚಟ್ ಎಂದಾಗ ಜಾಲರಿ, ಮುಂದಿನ ಚಟ್‌ಗೆ ತಲೆಕೆಳಗಾದ ಬಸ್ಸು, ಇನ್ನೊಂದಕ್ಕೆ ಒಬ್ಬರ ಬೆನ್ನು. ಮೊದಮೊದಲು ನಿಧಾನ; ಆಮೇಲೆ ಊರು ಎದ್ದುಬಿದ್ದು ಓಡುವಂತಾಯಿತು. ಕಣ್ಣು ಇನ್ನೇನು ಸೋಲಬೇಕು ಅನ್ನುವಾಗ ಕತ್ತಲೆ, ಅದರೊಳಗೆ ಮೇಷ್ಟ್ರು ಮತ್ತು ವಕೀಲ.

ತನ್ನ ದನಿಯನ್ನು ಮಾತ್ರ ಅವನು ಮೊದಲ ದಿನವೇ ಕಿತ್ತು ಹಾಕಿದ್ದ. ಅವರ ಮಾತು ಕೇಳಿದಾಗ ಸಿಟ್ಟು ಬರುತ್ತಿತ್ತು, ನಿಜ, ಆ ಸಿಟ್ಟನ್ನು ಇಟ್ಟುಕೊಂಡು ನಡೆಯಬಹುದಿತ್ತು. ತನ್ನ 'ಬನ್ನಿ ಬನ್ನಿ' ಕೇಳಿದಾಗ ಮಾತ್ರ ಮೈಮೇಲಿನ ಚರ್ಮವನ್ನೇ ಬಿಚ್ಚಿ ಮೂಲೆಗೆಸೆಯಬೇಕು ಅನ್ನಿಸುತ್ತಿತ್ತು. ಅವರಂದದ್ದು ಸುಳ್ಳಲ್ಲ ಎಂದು ಆ ದನಿ ಸಾಕ್ಷಿ ಹೇಳುತ್ತಿತ್ತು. ಆದರೆ ಅದನ್ನು ಕಿತ್ತ ಮೇಲೆ ಚಿತ್ರ ಸತ್ತಿತು. ಇಬ್ಬರು ಗಂಡಸರು ಯಾರನ್ನೋ ಆಡಿಕೊಳ್ಳುತ್ತಾರೆ, ಅಷ್ಟೇ. ಎಷ್ಟು ಸಲ ತಿರುಗಿಸಿ ನೋಡಿದರೂ ಅಷ್ಟೇ.

ಅಕ್ಕ ದವಾಖಾನೆಯ ಕೌಂಟರಿನ ಕೆಲಸ ಮುಗಿಸಿ ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಾಗ ಅವನು ಆ ಕಿತ್ತ ತುಂಡನ್ನೇ ಮತ್ತೆ ಮತ್ತೆ ಹಾಕಿಕೊಂಡು, ಅಂಟಿಸಲೋ ಅಳಿಸಲೋ ಎಂದು ಒದ್ದಾಡುತ್ತಿದ್ದ.

"ಯಾರೋ ಅದು? ನೀನಾ?"

"ಅಲ್ಲ."

"ಲೋ, ನಿನ್ನ ಚಪ್ಪಲಿ ಸದ್ದು ನಂಗೆ ಗೊತ್ತಾಗಲ್ವಾ? ಹೊಲಿಸ್ಕೊ ಹೊಲಿಸ್ಕೊ ಅಂತ ಬಡ್ಕೊಂಡು ನನ್ನ ಬಾಯಿ ಒಣಗ್ತು." ಅವಳು ಡಬ್ಬಿ ಇಟ್ಟು ಅವನ ಭುಜದ ಮೇಲಿನಿಂದ ಬಗ್ಗಿದಳು. "ಇನ್ನೊಂದ್ಸಲ ಹಾಕು."

"ಬೇಡ ಸುಮ್ನಿರೇ. ಹಲ್ಲುಗಿಂಜ್ಕೊಂಡು..."

"ಹಾಕೋ ಅಂದ್ರೆ."

ಹಾಕಿದ. ಬನ್ನಿ ಬನ್ನಿ, ನಾನ್ ತರ್ತೀನಿ.

"ಮನೇಲಿ ಯಾವತ್ತಾದ್ರೂ ಇಷ್ಟು ಖುಷಿಯಾಗಿ ಮಾತಾಡಿದೀಯೇನೋ?" ಎಂದಳು ಅಕ್ಕ. "ಬಾಯಿ ಬಿಟ್ರೆ ಕಚ್ಚೋಕೆ ಬರ್ತೀಯ. ಅಲ್ಲಿ ನೋಡು, ಎಳೇ ಮಗು ಥರಾ. ಇದಕ್ಕೆ ಯಾರ್ ಏನಂದ್ರು?"

ಅವನು ಕತ್ತಲೆಯ ಮೊದಲ ಭಾಗವನ್ನೂ ಕೇಳಿಸಿದ. ಕೇಳುತ್ತ ಕೇಳುತ್ತ ಅಕ್ಕನ ಕೈ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡುತ್ತಲೇ ಹೋಯಿತು. ಆಮೇಲೆ ಅದನ್ನು ತೆಗೆಯಲು ಮಾವನೇ ಬರಬೇಕಾಯಿತು. "ಇವರ ಬಾಯಿಗೆ ಮಣ್ಣು ಬೀಳ," ಎಂದಳು. "ನೀನ್ಯಾಕೋ ನಾಚ್ಕೋತೀಯ? ಓಡಿ ಬಂದವನಿಗಾ ನಾಚಿಕೆ?"

ಅವಳು ಹೋದ ಮೇಲೆ ಅವನು ಕಿತ್ತ ತುಂಡನ್ನು ಎಲ್ಲಿತ್ತೋ ಅಲ್ಲೇ ಇಟ್ಟ. 'ಭೇಷ್'ವರೆಗೆ. ಆಮೇಲೆ ತನ್ನ ನಗು. ಆ ನಗುವಿನ ಮೇಲೆ ಚಿತ್ರ ಮುಗಿಸಿದ.

ಅಷ್ಟರಲ್ಲಿ ಮೇಷ್ಟ್ರದೂ ಒಂದು ಮೆಸೇಜು ಬಂತು: ಕೋಪ ಬಿಡಪ್ಪಾ, ಚಿತ್ರ ತಗೊಂಡು ಬಾ, ಟ್ರೈಪಾಡು ನಿನ್ನನ್ನು ಕೇಳುತ್ತಿದೆ. ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಅವನ ಹೆಸರಿನ ಮುಂದೆ 'ಬೀದಿಯ ಪ್ರತಿಭೆ' ಎಂದು ಅಚ್ಚಾಗಿತ್ತು. ಅದನ್ನು ಹರಿಯಲು ಕೈ ಎತ್ತಿದವನು ಇಳಿಸಿದ. ಚಿತ್ರವನ್ನು ಯಾರಿಗೂ ಮೊದಲೇ ತೋರಿಸಬೇಕಾಗಿರಲಿಲ್ಲ. ಅದು ಮೇಷ್ಟ್ರೇ ಮಾಡಿದ ರೂಲ್ಸ್.

ವರ್ಷದ ಕೊನೆಯ ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ವಕೀಲನ ಚಿತ್ರದಲ್ಲಿ ಮೋಡಗಳಿದ್ದವು. ಇನ್ನೊಬ್ಬರದರಲ್ಲಿ ಬಾಗಿಲುಗಳು. ಒಂದೊಂದು ಮುಗಿದಾಗಲೂ ಮೇಷ್ಟ್ರು ಮೈಕು ಹಿಡಿದು ವೇದಿಕೆಗೆ ಬಂದು ಒಳ್ಳೆಯ ಮಾತು ಹೇಳಿ, ಮಾಡಿದವರನ್ನು ಪಕ್ಕಕ್ಕೆ ಕರೆದು ಚಪ್ಪಾಳೆ ಹೊಡೆಸುತ್ತಿದ್ದರು. ಕೊನೆಗೆ ಪಟಾಕಿಯದು ಬಂತು. ಮೊದಲ ಜಾಲರಿ ಕಂಡಾಗ ಬಳಗದವರಲ್ಲಿ ಯಾರೋ ಕಿಸಕ್ಕೆಂದರು. ಬಸ್ಸು ತಲೆಕೆಳಗಾದಾಗ ಯಾರೂ ಅನ್ನಲಿಲ್ಲ. ಚಟ್, ಪಟ್. ಊರು ಎದ್ದುಬಿದ್ದು ಓಡಿತು. ಕುರ್ಚಿಗಳಲ್ಲಿ ಕೂತವರು ಮುಂದಕ್ಕೆ ಬಗ್ಗಿದರು. ಆಮೇಲೆ ಕತ್ತಲೆ ಬಂತು, ಕತ್ತಲೆಯಲ್ಲಿ ಮಾತು ಬಂತು.

ಬಾಗಿಲ ಬಳಿ ನಿಂತಿದ್ದ ಪಟಾಕಿಗೆ ಬೆನ್ನುಗಳಷ್ಟೇ ಕಾಣುತ್ತಿದ್ದವು. ವಕೀಲನ ಬೆನ್ನು ಕುರ್ಚಿಯೊಳಗೆ ಇಳಿಯಿತು. ಮೇಷ್ಟ್ರ ಬೆನ್ನು ಅಲುಗಲಿಲ್ಲ. ಬಾಲ ಅಲ್ಲಾಡಿಸ್ಕೊಂಡಿರ್ತಾನೆ ಎಂಬುದು ಹಾಲ್‌ನ ದೊಡ್ಡ ಸ್ಪೀಕರುಗಳಲ್ಲಿ ನಾಲ್ಕು ಗೋಡೆಗಳಿಗೂ ಕೇಳಿಸಿತು. ಓಡಿ ಬರುವ ಚಪ್ಪಲಿ. ಬನ್ನಿ ಬನ್ನಿ. ಭೇಷ್. ನಗು. ಬೆಳಕು.

ಆಮೇಲೆ ಹಿಂದಿನ ಸಾಲಿನಿಂದ, ಗುರುತಿಲ್ಲದ ಜನರಿಂದ, ಚಪ್ಪಾಳೆ ಶುರುವಾಯಿತು, ಮುಂದಕ್ಕೆ ಹಬ್ಬಿತು. ಇನ್ನೇನು, ಈಗ ಮುಖ ಎಲ್ಲಿಡುತ್ತಾರೆ ನೋಡಬೇಕು ಎಂದು ಪಟಾಕಿ ಹಲ್ಲು ಕಚ್ಚಿ ಕಾದ.

ಮೇಷ್ಟ್ರು ಎದ್ದರು. ವೇದಿಕೆ ಹತ್ತಿದರು. ಮುಖವನ್ನು ಎಲ್ಲೂ ಇಡಲಿಲ್ಲ, ಹೊತ್ತುಕೊಂಡೇ ಬಂದಿದ್ದರು. ನಗುತ್ತಿದ್ದರು.

"ದನಿ ಗುರುತು ಸಿಕ್ಕಿರಬೇಕು ನಿಮಗೆ," ಎಂದರು ಮೈಕಿನಲ್ಲಿ. "ಹೌದು, ಆ ಪಾಪಿ ನಾನೇ." ಜನ ನಕ್ಕರು, ಬಿಗಿದಿದ್ದ ಹಗ್ಗ ಸಡಿಲವಾದಂಥ ನಗು. "ಇಂಥ ಪಾತ್ರ ಮಾಡೋಕೆ ಧೈರ್ಯ ಬೇಕು. ಈ ಹುಡುಗ ಬಂದು, ಮೇಷ್ಟ್ರೇ, ನನ್ನಂಥವನನ್ನ ದೊಡ್ಡವರು ಹೇಗೆ ನೋಡ್ತಾರೆ ಅನ್ನೋದು ಚಿತ್ರದಲ್ಲಿ ಬರಬೇಕು ಅಂದ. ಕೂತ್ವಿ, ಬರೆದ್ವಿ, ಆಡಿದ್ವಿ. ನಮ್ಮ ವಕೀಲರು ಇದಾರಲ್ಲ, ಅವರಂತೂ ಹುಟ್ಟು ನಟ!" ವಕೀಲ ಕುರ್ಚಿಯೊಳಗಿಂದ ಮೇಲೆ ಬಂದು, ಅರ್ಧ ಎದ್ದು ಕೈ ಮುಗಿದ. ಚಪ್ಪಾಳೆ. "ಬಾಪ್ಪಾ ಮೇಲೆ. ಮುಂದಿನ ತಿಂಗಳು ಇದನ್ನ ಬಳಗದ ಹೆಸರಲ್ಲೇ ಹೊರ ಊರುಗಳಿಗೆಲ್ಲ ಕಳಿಸ್ತಿದೀವಿ. ಬಾ, ನೀನೂ ಎರಡು ಮಾತು ಹೇಳು."

ಯಾರೋ ಬೆನ್ನು ತಳ್ಳಿದರು. ಅವನು ಹೇಗೆ ವೇದಿಕೆ ಹತ್ತಿದನೋ ಅವನಿಗೇ ಗೊತ್ತಾಗಲಿಲ್ಲ. ಮೇಷ್ಟ್ರ ಕೈ ಅವನ ಹೆಗಲ ಮೇಲೆ ಬಂತು. ಟ್ರೈಪಾಡು ಕೂರುತ್ತಿದ್ದ ಹೆಗಲು.

"ನಾವಿಬ್ರೂ ಕೂತು ಬರೆದದ್ದು. ಅಲ್ವೇನಪ್ಪಾ?"

ಮೈಕು ಅವನ ಗದ್ದದ ಹತ್ತಿರ ಬಂತು. ಅದರ ಮೇಲೊಂದು ಕೆಂಪು ದೀಪ ಉರಿಯುತ್ತಿತ್ತು.

ಬಾಯಿ ತುಂಬ ಮಾತಿತ್ತು. ಹೌದು ಅಂದರೆ ಚಿತ್ರ ಊರೂರು ಸುತ್ತುತ್ತದೆ, ಟ್ರೈಪಾಡು ಮತ್ತೆ ಹೆಗಲಿಗೆ ಬರುತ್ತದೆ, ಭೇಷ್ ಸಿಗುತ್ತದೆ. ಸುಳ್ಳು ಬೊಗಳ್ತಿದೀಯ ಎಂದು ಕೂಗಿದರೆ? ನೋಡಿದ್ರಾ, ಹೊಡೀತು ಪಟಾಕಿ. ಮುಂದಿನ ಸಾಲಿನಲ್ಲಿ ವಕೀಲ ಆಗಲೇ ತೊಡೆಯ ಮೇಲೆ ಕೈ ಇಟ್ಟು, ತಟ್ಟಿಕೊಳ್ಳಲು ತಯಾರಾಗಿದ್ದ. ಮೇಷ್ಟ್ರ ಕಣ್ಣೂ ಅದನ್ನೇ ಕಾಯುತ್ತಿತ್ತು; ಹೌದಾದರೂ ಸರಿ, ಕೂಗಾದರೂ ಸರಿ, ಎರಡಕ್ಕೂ ಅವರ ಹತ್ತಿರ ಮುಂದಿನ ಮಾತು ಸಿದ್ಧವಿತ್ತು.

ನಡುವಿನ ಸಾಲಿನಲ್ಲಿ ಅಕ್ಕ ನಿಂತೇ ಇದ್ದಳು. ಮಾವ ಅವಳ ಸೆರಗು ಜಗ್ಗಿ ಕೂರಿಸಲು ನೋಡುತ್ತಿದ್ದರು.

ಪಟಾಕಿ ಹೆಗಲ ಮೇಲಿನ ಕೈಯನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆಗಂಟಿದ ಕಸವನ್ನು ತೆಗೆಯುವಂತೆ ತೆಗೆದು ಪಕ್ಕಕ್ಕೆ ಬಿಟ್ಟ. ತಿರುಗಿದ. ವೇದಿಕೆಯ ಮರದ ಮೆಟ್ಟಿಲು ಇಳಿದ.

ಚಟ್.

ಹಾಲ್‌ನಲ್ಲಿ ಸದ್ದಿರಲಿಲ್ಲ.

ಪಟ್.

ಒಬ್ಬಾಕೆ ಅವನ ಕಾಲು ನೋಡಿದಳು. ಪಕ್ಕದಲ್ಲಿದ್ದವನೂ ನೋಡಿದ. ಚಟ್, ಪಟ್. ಸಾಲಿನಿಂದ ಸಾಲಿಗೆ ತಲೆಗಳು ಕೆಳಗೆ ಬಗ್ಗಿ ಅವನ ಚಪ್ಪಲಿಯ ಜೊತೆ ತಿರುಗಿದವು, ಆಮೇಲೆ ಒಂದೊಂದಾಗಿ ವೇದಿಕೆಯ ಮೇಲಿದ್ದ ಮೇಷ್ಟ್ರ ಕಡೆಗೆ ಎದ್ದವು.

"ಏನಪ್ಪಾ? ಎಲ್ಲಿಗೆ?" ಎಂದಿತು ಸ್ಪೀಕರು. "ಉತ್ತರ ಕೊಟ್ಟು ಹೋಗಪ್ಪಾ..." ಆಮೇಲೆ ಮೈಕಿನಲ್ಲಿ ಬರೀ ಉಸಿರು.

ಅವನು ನಡೆದ. ಬಾಗಿಲು ದೂಡಿದ. ಹೊರಗೆ ಫುಟ್‌ಪಾತಿನ ಕಲ್ಲುಗಳು ಒಂದಾದ ಮೇಲೊಂದು ಬಂದವು, ಹೋದವು.